ನಲವತ್ತೆರಡನೆಯ ಹೊಗೆ

ಹರಿಣಾಕ್ಷಿಯ ಮನೆಯ ಹಿತ್ತಿಲಲ್ಲಿ ಬೆಂಕಿ ಹಾಕುತ್ತಿದ್ದವನನ್ನು ಸುಪ್ರೀತಾ ಮೊದಲು ಕಂಡದ್ದು ಬೆನ್ನ ಕಡೆಯಿಂದ. ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಮುಂಡು, ಕೈಯಲ್ಲೊಂದು ಹರಿದ ಗೆರಸೆ. ತೆಂಗಿನ ಒಣ ಮಡಲಿಗೆ ಬೆಂಕಿ ಕೊಟ್ಟು, ಅದರ ಮೇಲೆ ಹಸಿ ತೆಂಗಿನ ಸಿಪ್ಪೆ ಹೇರಿ, ಬೇಕೆಂದೇ ಹೊಗೆ ಎಬ್ಬಿಸುತ್ತಿದ್ದ. ಅಲ್ಲಿಂದ ನಾಲ್ಕೇ ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ, ಹೋದ ವಾರವಷ್ಟೇ ಬಂದ ಹೊಸ ಗ್ಯಾಸ್ ಸಿಲಿಂಡರ್ ಇತ್ತು.

ಸುಪ್ರೀತಾ ಕಾಸರಗೋಡು ಪೇಟೆಯ ಗ್ಯಾಸ್ ಏಜೆನ್ಸಿಯವಳು. ಕುಂಜತ್ತೂರಿನ ಮನೆಯಿಂದ ಬಸ್ಸಿನಲ್ಲಿ ಬಂದು, ಏಜೆನ್ಸಿಯ ಸ್ಕೂಟಿ ಹತ್ತಿ, ಹೊಸ ಕನೆಕ್ಷನ್ ಕೊಟ್ಟ ಮನೆಗಳಲ್ಲಿ ಪೈಪು, ರೆಗ್ಯುಲೇಟರ್ ಸರಿ ಇದೆಯೇ ಎಂದು ನೋಡುವುದು ಅವಳ ಕೆಲಸ. ನಾಲ್ಕು ವರ್ಷದ ಸರ್ವೀಸಿನಲ್ಲಿ ಸಿಲಿಂಡರಿನ ಪಕ್ಕ ಬೀಡಿ ಸೇದುವವರನ್ನು ಕಂಡಿದ್ದಳು, ದೀಪ ಇಟ್ಟು ಪೂಜೆ ಮಾಡಿದವರನ್ನೂ ಕಂಡಿದ್ದಳು. ಇಂಥದ್ದನ್ನು ಕಂಡದ್ದು ಅದೇ ಮೊದಲು.

"ಹಲೋ, ಎಂತ ಮಾಡ್ತಾ ಇದ್ದೀರಿ ನೀವು?"

ಅವನು ತಿರುಗಿದ. ಹೊಗೆಗೆ ಕಣ್ಣು ಕೆಂಪಾಗಿ ಎರಡೂ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಹೊಗೆ ಹಾಕ್ತಾ ಇದ್ದೇನೆ" ಎಂದ, ತುಂಬ ಮರ್ಯಾದೆಯಿಂದ.

"ಅದು ಕಾಣ್ತದೆ. ನಿಮಗೆ ಸಿಲಿಂಡರ್ ಕಾಣ್ತದಾ?"

ಅವನು ನೋಡಿದ. ಮುಖ ಸಣ್ಣದಾಯಿತು. "ಓ, ಇಲ್ಲಿ ಹೊಗೆ ಕಾಣದ್ದು ಅದಕ್ಕಾ? ಇಲ್ಲಿಗೂ ಬಂತಾ?"

"ಬಂತಾ ಅಂದ್ರೆ? ನಾವೇ ಕೊಟ್ಟದ್ದು. ಹದಿನೈದು ಅಡಿ ಒಳಗೆ ಬೆಂಕಿ ಹಾಕ್ಲಿಕ್ಕಿಲ್ಲ ಅಂತ ಓದಿ ಹೇಳಿ ಸೈನ್ ತಗೊಂಡು ಹೋದದ್ದು."

"ಹಾಗಾದ್ರೆ ಅದು ನೀವೇ."

"ಯಾರು ನಾನೇ?"

"ನಮ್ಮ ಬೈಲಿನ ಒಲೆ ಎಲ್ಲ ನಂದಿಸುವವರು."

ಅವಳಿಗೆ ಸಿಟ್ಟು ಬರಬೇಕಿತ್ತು. ಬರುವಷ್ಟರಲ್ಲಿ ಹರಿಣಾಕ್ಷಿ ಸೆರಗಿಗೆ ಕೈ ಒರೆಸುತ್ತಾ ಓಡಿ ಬಂದಳು. "ಮೇಡಂ, ಅವರಿಗೆ ಬೈಬೇಡಿ. ಅವರು ನಮ್ಮ ಚಿಕ್ಕ ಅರಸರು."

ಸುಪ್ರೀತಾ ಯಕ್ಷಗಾನದಲ್ಲಿ ಅರಸರನ್ನು ಬೇಕಾದಷ್ಟು ನೋಡಿದ್ದಳು. ಈ ಅರಸನ ಮೂಗಿನ ತುದಿಗೆ ಮಸಿ ಅಂಟಿತ್ತು, ಕೊರಳಲ್ಲಿ ಗೇರುಬೀಜದ ಫ್ಯಾಕ್ಟರಿಯ ಐ.ಡಿ. ಕಾರ್ಡು ನೇತಾಡುತ್ತಿತ್ತು.

"ಅರಸ ಅಲ್ಲ, ಬಾಯ್ಲರ್ ಆಪರೇಟರ್" ಎಂದ ಅವನು. "ಹೆಸರು ಕೃಷ್ಣಕುಮಾರ. ಅರಸರು ಮೇಲಿದ್ದಾರೆ, ನನ್ನ ಸೋದರಮಾವ. ಈ ಹೊಗೆ ಕಾಣದೆ ಉಣ್ಣುವುದಿಲ್ಲ, ಕಾಯ್ತಾ ಇದ್ದಾರೆ."

ಅವನು ಕೈ ತೋರಿಸಿದ ಕಡೆ, ಗುಡ್ಡದ ನೆತ್ತಿಯ ಪದವಿನ ಅಂಚಿನಲ್ಲಿ, ಒಂದು ಕಲ್ಲುಕಟ್ಟೆಯ ಮೇಲೆ, ಕಪ್ಪು ಕೊಡೆಯೊಂದು ಅಲ್ಲಾಡದೆ ನಿಂತಿತ್ತು.

ಮತ್ತೆ ಹೆಚ್ಚು ಮಾತಾಡುವ ಹೊತ್ತಲ್ಲವೆಂದು ಅವಳಿಗೂ ಅನಿಸಿತು. ಬ್ಯಾಗಿನಿಂದ ಅಳತೆಯ ಟೇಪು ತೆಗೆದು ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಅವನು ಸಿಲಿಂಡರಿನ ಬಳಿ ಕುಕ್ಕರಗಾಲಲ್ಲಿ ಕೂತು ಹಿಡಿದ. ಅವಳು ಹಿತ್ತಿಲಿನುದ್ದಕ್ಕೆ ನಡೆದು ಹದಿನೈದು ಅಡಿಗೆ ಕಾಲಿನಿಂದ ಗೆರೆ ಎಳೆದಳು. ಉರಿಯುವ ಮಡಲನ್ನು ಇಬ್ಬರೂ ಸೇರಿ ಆ ಗೆರೆಯ ಆಚೆಗೆ ಎಳೆದು ಹಾಕಿದರು.

"ಮೂಗು ಒರೆಸಿಕೊಳ್ಳಿ" ಎಂದಳು ಸುಪ್ರೀತಾ, ಹೊರಡುವಾಗ. ಅವನು ಒರೆಸಿದ್ದು ಬೇರೆ ಕಡೆ. ಅವಳು ತೋರಿಸಿಕೊಡಲು ಕೈ ಎತ್ತಿದಳು, ಮತ್ತೆ ಯಾಕೋ ಇಳಿಸಿ ಸ್ಕೂಟಿಯ ಕೀಲಿ ಹುಡುಕಿದಳು.

ಅದು 2016ರ ತುಲಾ ಸಂಕ್ರಮಣ.

*

ಕಾಯರ್ಪದವಿನ ಅರಮನೆ ಎಂದಾಗ ಯಾರೂ ಕಲ್ಪನೆಯನ್ನು ಜಾಸ್ತಿ ಓಡಿಸಬೇಕಾಗಿಲ್ಲ. ಹಂಚಿನ, ಎರಡು ಅಂಗಳದ ದೊಡ್ಡ ಮನೆ. ಮಹಡಿಯಲ್ಲಿ ಪಟ್ಟದ ಕತ್ತಿ, ಕೆಳಗೆ ಟಿ.ವಿ. ಭೂಮಿಯೆಲ್ಲ ಎಂದೋ ಒಕ್ಕಲುಗಳದ್ದಾಯಿತು. ಮಹಾಲಿಂಗ ಅರಸರಿಗೆ ಉಳಿದದ್ದು ಆ ಕತ್ತಿ, ನಾಲ್ಕು ದೇವಸ್ಥಾನಗಳಲ್ಲಿ ಮೊದಲ ಪ್ರಸಾದ, ಮತ್ತು ಒಂದು ಕ್ರಮ. ಇಪ್ಪತ್ತೆಂಟು ವರ್ಷಗಳಿಂದ ಅವರು ಪಟ್ಟದಲ್ಲಿದ್ದರು. ರೇಶನ್ ಅಂಗಡಿಯಲ್ಲಿ ಕಾರ್ಡು ಹಿಡಿದು ನಿಲ್ಲುತ್ತಿದ್ದರು, ಬಸ್ಸಿನಲ್ಲಿ ಟಿಕೆಟ್ ತೆಗೆಯುತ್ತಿದ್ದರು, ಜನ ಎದ್ದು ಜಾಗ ಕೊಟ್ಟರೆ ಬೇಡವೆನ್ನದೆ ಕೂರುತ್ತಿದ್ದರು.

ಪದವಿನ ಕೆಳಗಿನ ಬೈಲಿನಲ್ಲಿ ನಲವತ್ತೊಂದು ಮನೆ. ಸಂಕ್ರಮಣದ ದಿನ ಬೆಳಿಗ್ಗೆ ಅರಸರು ಪದವಿನಂಚಿನ ಹೊಗೆಕಲ್ಲಿನ ಮೇಲೆ ನಿಂತು ಆ ಮನೆಗಳ ಹೊಗೆ ಎಣಿಸಬೇಕು. ಹೊಗೆ ಬಂದರೆ ಒಲೆ ಹೊತ್ತಿದೆ, ಒಲೆ ಹೊತ್ತಿದರೆ ಊಟ ಉಂಟು. ಯಾವ ಮನೆಯಿಂದ ಹೊಗೆ ಬರಲಿಲ್ಲವೋ ಆ ಮನೆಗೆ ಒಂದು ಸೇರು ಅಕ್ಕಿ ಹೋಗಬೇಕು, ಅಲ್ಲಿ ಹೊಗೆ ಏಳುವ ತನಕ ಅರಸರು ಎಲೆ ಮುಂದೆ ಕೂರುವ ಹಾಗಿಲ್ಲ. ಪಟ್ಟ ಕಟ್ಟುವಾಗ ಕತ್ತಿ ಮುಟ್ಟಿ ಒಪ್ಪಿಕೊಂಡ ಮಾತು ಅದು.

ಆದರೆ ಬೈಲು ಮೊದಲಿನ ಬೈಲಾಗಿ ಉಳಿದಿರಲಿಲ್ಲ. ಎಂಟು ವರ್ಷದ ಹಿಂದೆ ಎದುರುಗುಡ್ಡಕ್ಕೆ ಗೇರುಬೀಜದ ಫ್ಯಾಕ್ಟರಿ ಬಂತು. ಮ್ಯಾನೇಜರ್ ವೀಳ್ಯದೆಲೆ ಹಿಡಿದುಕೊಂಡು ಅರಸರ ಅಪ್ಪಣೆ ಕೇಳಲು ಬಂದಿದ್ದ. ಬೈಲಿನ ಹೆಂಗಸರಿಗೆ ಕೆಲಸ ಕೊಡಿ, ಸೈರನ್ನು ಪೂಜೆಯ ಹೊತ್ತಿಗೆ ಕೂಗಿಸಬೇಡಿ ಎಂದು ಅರಸರು ಎರಡು ಮಾತು ಹೇಳಿದರು. ಮೊದಲನೆಯದನ್ನು ಮ್ಯಾನೇಜರ್ ನಡೆಸಿಕೊಟ್ಟ. ಸೈರನ್ ಮಾತ್ರ ಎಂಟಕ್ಕೆ ಸರಿಯಾಗಿ, ಪೂಜೆಯ ನಡುವಿಗೇ ಕೂಗುತ್ತಿತ್ತು. ಕೆಂಪುಕಲ್ಲು ಕಡಿಯಲು ಯಂತ್ರ ಬಂತು, ಮೊಬೈಲ್ ಟವರ್ ಬಂತು. ಎಂಟಕ್ಕೆ ಶಿಫ್ಟಿಗೆ ಓಡುವ ಹೆಂಗಸರಿಗೆ ಕಟ್ಟಿಗೆ ಊದುತ್ತ ಕೂರಲು ಪುರುಸೊತ್ತಿಲ್ಲ, ಹಾಗಾಗಿ ಗ್ಯಾಸ್ ಬಂತು. ಬಚ್ಚಲೊಲೆ ಹೊತ್ತುವುದು ಸಂಜೆಗೆ. ಬೆಳಿಗ್ಗೆ ಬೈಲಿನ ಮೇಲೆ ಹೊಗೆಯೇ ಇಲ್ಲ.

ಹೋದ ವರ್ಷ ಒಂದು ಸಂಕ್ರಮಣದಂದು ಹದಿನಾಲ್ಕು ಮನೆಯ ಹೊಗೆ ಕಾಣಲಿಲ್ಲ. "ಅವರೆಲ್ಲ ಗ್ಯಾಸಿನಲ್ಲಿ ಅಡುಗೆ ಮಾಡಿ ಉಂಡಾಯ್ತು ಮಾವ, ಫೋನ್ ಮಾಡಿ ಕೇಳಿದ್ದೇನೆ" ಎಂದು ಕೃಷ್ಣಕುಮಾರ ಹೇಳಿದ. "ಫೋನಿನಲ್ಲಿ ಹೊಗೆ ಕಾಣ್ತದಾ?" ಎಂದು ಕೇಳಿ ಅರಸರು ಹಸಿದೇ ನಿಂತರು. ಎಪ್ಪತ್ತೊಂಬತ್ತರ ಪ್ರಾಯ, ಸಕ್ಕರೆ ಕಾಯಿಲೆ, ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್ ಆಗಿತ್ತು. ಕಲ್ಲಿನ ಮೇಲೆಯೇ ಕುಸಿದರು. ಕಾಸರಗೋಡಿನ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿ ಬಂದವರು ಮುಂದಿನ ಸಂಕ್ರಮಣಕ್ಕೆ ಪುನಃ ಕೊಡೆ ಹಿಡಿದು ಹೊರಟರು. ಆ ತಿಂಗಳಿನಿಂದ ಅಳಿಯ ಅರ್ಧ ದಿನ ರಜೆ ಹಾಕಿ, ಗ್ಯಾಸ್ ಬಂದ ಮನೆಗಳ ಹಿತ್ತಿಲಲ್ಲಿ ಹೊಗೆ ಎಬ್ಬಿಸಲು ಶುರು ಮಾಡಿದ.

ಇದನ್ನೆಲ್ಲ ಹರಿಣಾಕ್ಷಿಯ ಬಾಯಿಂದ ಕೇಳಿದ ರಾತ್ರಿ ಸುಪ್ರೀತಾ ಊಟಕ್ಕೆ ಕೂತಾಗ ತಾಯಿ ಲೋಲಾಕ್ಷಿ ಎರಡು ಸಲ ಕರೆಯಬೇಕಾಯಿತು. ಕೆಂಪು ಕಣ್ಣಿನ, ಮಸಿ ಮೂಗಿನ ಒಬ್ಬ ಮನುಷ್ಯ ಅನ್ನದ ಬಟ್ಟಲಿಗೆ ಅಡ್ಡ ಬಂದಿದ್ದ.

*

ಮುಂದಿನ ಸಂಕ್ರಮಣದ ಹಿಂದಿನ ದಿನ ಅವಳೇ ಅವನಿಗೆ ಫೋನ್ ಮಾಡಿದಳು. "ನಿಮ್ಮ ಬೈಲಿಗೆ ಈ ತಿಂಗಳು ನಾಲ್ಕು ಹೊಸ ಕನೆಕ್ಷನ್ ಹೋಗಿದೆ. ನಿಮ್ಮ ಲಿಸ್ಟಿನಲ್ಲಿ ಉಂಟಾ?"

"ನಾಲ್ಕಾ? ಮೇಡಂ, ನೀವು ನನ್ನ ಮಾವನನ್ನು ಉಪವಾಸ ಕೆಡವ್ತೀರಿ."

"ಅದಕ್ಕೇ ಬರ್ತೇನೆ ಅಂತ ಹೇಳ್ಲಿಕ್ಕೆ ಫೋನ್ ಮಾಡಿದ್ದು. ಅಂತರ ಸರಿ ಉಂಟಾ ಅಂತ ನಾನೇ ನೋಡ್ಬೇಕಲ್ಲ."

ಅಂತರ ನೋಡುವ ನೆಪಕ್ಕೆ ಅವಳು ಕುಂಜತ್ತೂರಿನಿಂದ ಮೊದಲ ಬಸ್ಸು ಹಿಡಿದಳು. "ಗ್ಯಾಸಿನವರಿಗೂ ಸಂಕ್ರಮಣ ಉಂಟಾ?" ಎಂದು ತಾಯಿ ಬೀಡಿ ಕಟ್ಟುವ ಮೊರದಿಂದ ತಲೆ ಎತ್ತದೆ ಕೇಳಿದಳು. "ಇನ್‌ಸ್ಪೆಕ್ಷನ್ ಅಮ್ಮ" ಎಂದು ಮಗಳು ಕನ್ನಡಿಯ ಮುಂದೆ ಎರಡನೆಯ ಸಲ ಬೊಟ್ಟು ತಿದ್ದಿಕೊಂಡಳು.

ಬೈಲಿನ ನಡುವೆ ಹರಿಯುವ ತೋಡಿನ ಈಚೆ ದಡದ ಮನೆಗಳು ಅವನಿಗೆ, ಆಚೆ ದಡದವು ಅವಳಿಗೆ. ಮಡಲು, ಸಿಪ್ಪೆಗಳನ್ನು ಅವನು ಹಿಂದಿನ ಸಂಜೆಯೇ ರಾಶಿ ಹಾಕಿ ಇಡುತ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೊಂದು ಬೆಂಕಿಪೆಟ್ಟಿಗೆ ಹಿಡಿದು ಹೊರಡುವುದು. ಕೆಲಸ ಮುಗಿಸಿ ತೋಡಿಗೆ ಅಡ್ಡ ಹಾಕಿದ ಕಾಲುಸಂಕದ ಬಳಿ ಬಂದು ನಿಲ್ಲುವುದು. ಅರಮನೆಯಿಂದ ಅವನ ತಾಯಿ ವಸುಮತಿಯ ಫೋನ್ ಬರುತ್ತಿತ್ತು: "ನಲವತ್ತೊಂದೂ ಕಂಡಿತು. ಕೂತರು." ಆಮೇಲೆ ಅವನು ಫ್ಲಾಸ್ಕಿನಿಂದ ಚಾ ಬಗ್ಗಿಸುತ್ತಿದ್ದ. ಇದ್ದದ್ದು ಒಂದೇ ಮುಚ್ಚಳ. ಮೊದಲು ಅವಳು ಕುಡಿಯುತ್ತಿದ್ದಳು, ಮತ್ತೆ ಅವನು ಅದನ್ನು ತೊಳೆಯದೆ ಕುಡಿಯುತ್ತಿದ್ದ. ಅವನು ತೊಳೆಯುವುದಿಲ್ಲ ಎಂಬುದನ್ನು ಅವಳು ಪ್ರತಿ ಸಲವೂ ಗಮನಿಸುತ್ತಿದ್ದಳು, ಗಮನಿಸಿದ್ದನ್ನು ಅವನು ಗಮನಿಸದಿರಲೆಂದು ತೋಡಿನ ನೀರು ನೋಡುತ್ತಿದ್ದಳು.

"ಬಾಯ್ಲರಿನಲ್ಲಿ ನಿಮ್ಮ ಕೆಲಸ ಎಂತ?" ಎಂದು ಧನು ಸಂಕ್ರಮಣದಂದು ಕೇಳಿದಳು.

"ಹೊಗೆ ಆಗದ ಹಾಗೆ ಬೆಂಕಿ ನೋಡಿಕೊಳ್ಳುವುದು."

"ಇಲ್ಲಿ?"

"ಬೆಂಕಿ ಆಗದ ಹಾಗೆ ಹೊಗೆ ನೋಡಿಕೊಳ್ಳುವುದು."

ಅವಳು ನಕ್ಕದ್ದಕ್ಕೆ ಚಾ ಚೆಲ್ಲಿತು. ಅವನು ಹೆಗಲ ಟವೆಲನ್ನು ಕೊಟ್ಟ. ಅದಕ್ಕೆ ಹೊಗೆಯ ವಾಸನೆ, ಹುರಿದ ಗೇರುಬೀಜದ ವಾಸನೆ. ಅವಳು ಒರೆಸಿಕೊಳ್ಳಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡಳು.

"ನೀವು ಅರಸರಾದ ಮೇಲೂ ಬಾಯ್ಲರಿಗೆ ಹೋಗ್ತೀರಾ?"

"ಮತ್ತೆ? ಕತ್ತಿ ತೋರಿಸಿದ್ರೆ ಅಕ್ಕಿ ಯಾರು ಕೊಡ್ತಾರೆ? ಮಾವನ ನಂತರ ನಾನೇ ಅಂತ ಆಗಿದೆ. ನಮ್ಮದು ಅಳಿಯಸಂತಾನ ಅಲ್ವಾ. ಅರಮನೆ ಅಂದ್ರೆ ಅಕ್ಕತಂಗಿಯರ ಮನೆ, ಅಮ್ಮಂದು, ನನ್ನ ತಂಗಿದು. ಅರಸನದ್ದಂತ ಅಲ್ಲಿ ಒಂದು ಕತ್ತಿ, ಒಂದು ಮಂಚ."

"ಅರಸನ ಹೆಂಡತಿದು?"

ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಅವಳಿಗೆ ಕೇಳಿಸಿತು. ಅವಳು ಸ್ಕೂಟಿಯ ಕನ್ನಡಿಯನ್ನು ಸರಿ ಮಾಡತೊಡಗಿದಳು.

"ಹೆಂಡತಿ ಅರಮನೆಯಲ್ಲಿ ಸಂಸಾರ ಹೂಡುವ ಕ್ರಮ ಇಲ್ಲ" ಎಂದ ಅವನು, ನಿಧಾನವಾಗಿ. "ಅವರದ್ದೇ ಬೇರೆ ಮನೆ ಆಗ್ಬೇಕು. ಮಾವ ಆ ತೊಂದರೆಯೇ ಬೇಡ ಅಂತ ಮದುವೆ ಆಗ್ಲಿಲ್ಲ."

"ನಿಮಗೆ?"

"ನನಗೆ ಈಗೀಗ ತೊಂದರೆ ಬೇಕು ಅಂತ ಕಾಣ್ತದೆ."

ಕನ್ನಡಿ ಸರಿಯಾಗಿಯೇ ಇತ್ತು. ಅದರಲ್ಲಿ ಅವನ ಅರ್ಧ ಮುಖ ಕಾಣುತ್ತಿತ್ತು, ಅವನು ನೋಡುತ್ತಿದ್ದುದು ಅವಳನ್ನೇ. ಆ ದಿನ ಏಜೆನ್ಸಿಗೆ ಹಿಂದಿರುಗಿದ ಸುಪ್ರೀತಾ ಒಂದೇ ಗಿರಾಕಿಗೆ ಎರಡು ಸಲ ರಶೀದಿ ಬರೆದಳು.

*

ಅವಳ ಪಾಲಿನ ಕೊನೆಯ ಮನೆ ಕುಂಞ ಎಂಬವರದ್ದು. ಬೈಲಿಗೆಲ್ಲ ಅವರು ಕುಂಞಜ್ಜ. ಐವತ್ತು ವರ್ಷ ಕೈಯಲ್ಲಿ ಕೆಂಪುಕಲ್ಲು ಕಡಿದವರು. ಫ್ಯಾಕ್ಟರಿಯ ಅಡಿಪಾಯಕ್ಕೂ ಅವರೇ ಕಡಿದ ಕಲ್ಲು. ಯಂತ್ರ ಬಂದ ಮೇಲೆ ಕೆಲಸ ಹೋಯಿತು, ಆಮೇಲೆ ಜಾರಿ ಬಿದ್ದು ಕಾಲೂ ಹೋಯಿತು. ಒಬ್ಬರೇ ಇದ್ದರು.

ಮಕರ ಸಂಕ್ರಮಣದಂದು ಹಿತ್ತಿಲಲ್ಲಿ ಹೊಗೆ ಹಾಕಿ ಹೊರಡುವಾಗ ಅವಳು ಒಳಗೆ ಇಣುಕಿದಳು. "ಊಟ ಆಯ್ತಾ ಕುಂಞಜ್ಜ?"

"ಆಯ್ತು ಮಗಾ, ಆಯ್ತು."

ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಕೊಟ್ಟ ದಿನದ ಹಾಗೆಯೇ ಹೊಳೆಯುತ್ತಿತ್ತು. ಒಂದು ಅನ್ನದ ಕಲೆ ಇಲ್ಲ. ಅದು ಅವಳ ಕಣ್ಣಿಗೆ ಬಿತ್ತು. ಸಂಕದ ಬಳಿ ಚಾ ಆರುತ್ತದೆ ಎಂಬುದೂ ನೆನಪಾಯಿತು. ಅವಳು ಹೋದಳು.

ಮರುದಿನ ಕಂಪ್ಯೂಟರಿನಲ್ಲಿ ಕುಂಞಜ್ಜನ ನಂಬರು ಹಾಕಿ ನೋಡಿದಳು. ಸಿಲಿಂಡರ್ ಹೋದದ್ದು ಏಪ್ರಿಲಿನಲ್ಲಿ. ಆ ಮೇಲೆ ಒಂದು ಸಲವೂ ಬುಕ್ ಆಗಿರಲಿಲ್ಲ. ಕಟ್ಟಿಗೆಯಲ್ಲಿ ಬೇಯಿಸುತ್ತಾರೇನೋ ಎಂದುಕೊಂಡಳು. ಕಟ್ಟಿಗೆಯಲ್ಲಿ ಬೇಯಿಸುವವರಾದರೆ ಹಿತ್ತಿಲಲ್ಲಿ ತಾನು ಹೊಗೆ ಹಾಕುವುದೇಕೆ ಎಂಬ ಪ್ರಶ್ನೆ ಹಿಂದೆಯೇ ಬಂತು. ಅದನ್ನು ಅವಳು ಒಳಗೆ ಕರೆಯಲಿಲ್ಲ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಒಂದು ಮನೆಯ ಹೊಗೆ ಸುಳ್ಳೆಂದು ಗೊತ್ತಾದರೆ ಎಲ್ಲ ಹೊಗೆಯ ವಿಷಯವೂ ಅರಸರ ಮುಂದೆ ಬರುತ್ತದೆ. ಅಲ್ಲಿಗೆ ಸಂಕ್ರಮಣದ ಬೆಳಗುಗಳು ಮುಗಿದವು. ಮೊದಲ ಬಸ್ಸಿಲ್ಲ, ಸಂಕವಿಲ್ಲ, ಒಂದೇ ಮುಚ್ಚಳದ ಚಾ ಇಲ್ಲ. ಅವನನ್ನು ಕಾಣಲು ಬೇರೆ ಯಾವ ಕಾರಣವೂ ಅವಳ ಬಳಿ ಇರಲಿಲ್ಲ. ಅವಳು ಒಂದು ತಿಂಗಳು ಬಾಯಿ ಬಿಡಲಿಲ್ಲ. ಒಳ್ಳೆಯ ಹುಡುಗಿಯೇ, ಆದರೂ ಬಾಯಿ ಬಿಡಲಿಲ್ಲ.

ಕುಂಭ ಸಂಕ್ರಮಣದ ಬೆಳಿಗ್ಗೆ ಕುಂಞಜ್ಜನ ಹಿತ್ತಿಲಲ್ಲಿ ಕಡ್ಡಿ ಗೀರಲು ಹೊರಟವಳ ಕೈ ನಿಂತಿತು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಲೆಯ ಬರ್ನರಿಗೆ ಜೇಡ ಬಲೆ ಕಟ್ಟಿತ್ತು. ಸಿಲಿಂಡರನ್ನು ಎತ್ತಿ ನೋಡಿದಳು, ಖಾಲಿ. ಡಬ್ಬದಲ್ಲಿ ಅಕ್ಕಿ ಇರಲಿಲ್ಲ.

"ಎಷ್ಟು ಸಮಯ ಆಯ್ತು ಅಜ್ಜ?"

"ಗ್ಯಾಸ್ ಮುಗಿದು ಆರು ತಿಂಗಳಾಯ್ತೇನೋ. ಕಟ್ಟಿಗೆ ತರುವ ಅಂದ್ರೆ ಕಾಲು ಕೇಳುವುದಿಲ್ಲ. ರೇಶನಿಗೂ ಹಾಗೇ. ಹರಿಣಾಕ್ಷಿ ರಜೆ ಇದ್ದ ದಿನ ಗಂಜಿ ತರ್ತಾಳೆ. ಬಾಕಿ ದಿನ ಅವಲಕ್ಕಿ ಉಂಟು."

"ಅರಸರಿಗೆ ಹೇಳಿ ಕಳಿಸ್ಬಹುದಿತ್ತಲ್ಲ?"

"ಹೇಳುವುದೆಂತ?" ಎಂದರು ಕುಂಞಜ್ಜ. ಅವರ ದನಿಯಲ್ಲಿ ದೂರು ಇರಲಿಲ್ಲ. "ಹೊಗೆ ಬರದಿದ್ರೆ ಅಕ್ಕಿ ಅವರೇ ಕಳಿಸ್ತಾರೆ. ಹೊಗೆ ಬರ್ತಾ ಉಂಟಲ್ಲ ಮಗಾ. ನೀನೇ ಹಾಕ್ತೀಯಲ್ಲ."

ಸುಪ್ರೀತಾ ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟಳು. ಸೈರನ್ ಕೂಗಿತು. ಫೋನೂ ಬಡಿದುಕೊಂಡಿತು, ಕೃಷ್ಣಕುಮಾರನದ್ದು.

"ಸುಪ್ರೀತಾ, ಕುಂಞಜ್ಜನ ಮನೆದು ಒಂದೇ ಬಾಕಿ ಅಂತೆ. ಮಡಲು ಒದ್ದೆ ಆಗಿದೆಯಾ?"

"ಇಲ್ಲಿ ಒಲೆಯೇ ಹೊತ್ತುವುದಿಲ್ಲ. ಆರು ತಿಂಗಳಾಯ್ತು."

"ಮಾವನಿಗೆ ಇಂಜೆಕ್ಷನ್ ಆಗಿದೆ" ಎಂದ ಅವನು. "ಈಗ ಒಮ್ಮೆ ಹೊಗೆ ಹಾಕು. ಸಂಜೆ ನಾನೇ ಅಕ್ಕಿ ತರ್ತೇನೆ." ಅವನು ಏಕವಚನಕ್ಕೆ ಇಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಸುಳ್ಳು ಹೊಗೆ ಇನ್ನು ನಾನು ಹಾಕುವುದಿಲ್ಲ."

"ಪ್ರಾಣದ ವಿಷಯ ಮಾರಾಯ್ತಿ."

"ಇಲ್ಲಿಯೂ ಅದೇ ವಿಷಯ. ಹತ್ತು ನಿಮಿಷ ಕೊಡಿ."

ಪಕ್ಕದ ಮನೆಯ ಹರಿಣಾಕ್ಷಿ ಶಿಫ್ಟಿಗೆ ಹೋಗಿದ್ದಳು. ಅವಳ ಮನೆಯ ಕೀಲಿ ತುಳಸಿಕಟ್ಟೆಯ ಹಿಂದೆ ಇರುವುದು ಇನ್‌ಸ್ಪೆಕ್ಷನಿಗೆ ಬಂದವಳಿಗೆ ಗೊತ್ತಿತ್ತು. ಪಾತ್ರೆಯಲ್ಲಿ ನಾಲ್ಕು ಮುಷ್ಟಿ ಅಕ್ಕಿ ಹಿಡಿದು ಓಡಿ ಬಂದಳು. ಕುಂಞಜ್ಜನ ಅಂಗಳದಲ್ಲಿ ಅವರೇ ಎಂದೋ ಕಡಿದ ಕಲ್ಲುಗಳಿದ್ದವು; ಮೂರನ್ನು ಉರುಳಿಸಿ ಒಲೆ ಹೂಡಿ, ಹೊಗೆಗೆಂದು ತಂದಿದ್ದ ಮಡಲನ್ನೇ ಕೆಳಗೆ ಒಟ್ಟಿ, ನೀರಿಟ್ಟು ಅಕ್ಕಿ ಹಾಕಿದಳು. ಊದಿದಳು, ಕೆಮ್ಮಿದಳು, ಪುನಃ ಊದಿದಳು. ಪದವಿನ ಮೇಲಿನ ಕೊಡೆ ಅಲ್ಲಾಡುತ್ತದೆಯೇ ಎಂದು ನಡುನಡುವೆ ತಲೆ ಎತ್ತಿ ನೋಡಿದಳು. ಅರಸರು ಕುಸಿದರೆ ಜನ್ಮವಿಡೀ ತನ್ನ ತಲೆಯ ಮೇಲೆ ಎಂದು ಹೆದರಿಕೆಯೂ ಆಯಿತು. ತೆಳ್ಳಗಿನ ಹೊಗೆ ಬಾಳೆಗಿಡ ದಾಟಿ ಮೇಲೆ ಹೋಯಿತು.

ಫೋನ್ ಬಂತು. "ಕಂಡಿತಂತೆ. ಎಲೆ ಮುಂದೆ ಕೂತರಂತೆ."

ಅವಳು ಗಂಜಿ ಕಲಕಿದಳು. ಕೃಷ್ಣಕುಮಾರ ಬಂದಾಗ ಕುಂಞಜ್ಜ ಅಂಗಳದಲ್ಲಿ ಗೋಡೆಗೊರಗಿ ಉಣ್ಣುತ್ತಿದ್ದರು. ಅವನು ಅದನ್ನು ನೋಡುತ್ತ ನಿಂತ. ಹೋದ ತಿಂಗಳೂ, ಅದರ ಹಿಂದಿನ ತಿಂಗಳೂ ಮಾವ ಉಂಡದ್ದು ಯಾವ ಹೊಗೆ ನೋಡಿ ಎಂದು ಅವನು ಲೆಕ್ಕ ಹಾಕುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ನಿಮ್ಮದೊಬ್ಬರದ್ದೇ ತಪ್ಪಲ್ಲ" ಎಂದಳು. "ನನಗೆ ಒಂದು ತಿಂಗಳ ಮೊದಲೇ ಸಂಶಯ ಇತ್ತು. ಬುಕ್ ಆಗ್ಲಿಲ್ಲ ಅಂತ ಕಂಪ್ಯೂಟರಿನಲ್ಲಿ ನೋಡಿದ್ದೇನೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ತದೆ ಅಂತ."

"ಎಂತ ನಿಲ್ತದೆ?"

ಅವಳು ತಲೆ ಎತ್ತಿದಳು. ಈ ಸಲ ಮಸಿ ಇದ್ದದ್ದು ಅವಳ ಮೂಗಿಗೆ. "ಸಂಕ್ರಮಣ" ಎಂದಳು.

ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ಪೂರ್ತಿ ಕಂಡಿತು. ಆದರೆ ಅದನ್ನು ಮಾತಾಡುವ ಜಾಗ ಅದಲ್ಲ, ಕುಂಞಜ್ಜನ ಮುಂದೆ ನಿಂತು ಅಂಥ ಮಾತಾಡಲು ಮುಖವೂ ಇಲ್ಲ. "ಬಾ, ಮಾವನಿಗೆ ಹೇಳುವ" ಎಂದ.

*

ಅರಸರು ಊಟ ಮುಗಿಸಿ ಚಾವಡಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೃಷ್ಣಕುಮಾರ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮಡಲು, ಸಿಪ್ಪೆ, ಹಿತ್ತಿಲು, ಒಂದು ವರ್ಷದ ಸುಳ್ಳು. ಸುಪ್ರೀತಾ ತನ್ನ ಪಾಲಿನದನ್ನು ಹೇಳಿದಳು. ವಸುಮತಿ ಬಾಗಿಲ ಸಂದಿನಲ್ಲಿ ಬಾಯಿಗೆ ಸೆರಗಿಟ್ಟುಕೊಂಡು ನಿಂತಿದ್ದರು.

ಅರಸರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕುಂಞ ಹಸಿದಿದ್ದ. ನಾನು ಉಂಡೆ" ಎಂದರು. ಉಂಡ ಕೈಯನ್ನು ನೋಡಿಕೊಂಡು ಪುನಃ, "ನನ್ನ ಕಣ್ಣಿನಲ್ಲೇ ನೋಡಿ ಉಂಡೆ. ಕಣ್ಣಿನಲ್ಲಿ ನೋಡ್ಬೇಕು ಅಂತ ಹಟ ಮಾಡಿದ್ದು ನಾನೇ."

ಅಳಿಯ ಕಾಲಿಗೆ ಬಿದ್ದ. ಅವರು ಅವನ ತಲೆ ಮುಟ್ಟಿ, ಸುಪ್ರೀತಾಳ ಕಡೆ ತಿರುಗಿದರು. "ನೀನು ಮಗಾ, ಆ ಕಂಪ್ಯೂಟರಿನಲ್ಲಿ ಯಾರ ಮನೆಯ ಒಲೆ ಹೊತ್ತುವುದಿಲ್ಲ ಅಂತ ಕಾಣ್ತದಾ?"

"ಬುಕ್ ಮಾಡದಿದ್ರೆ ಕಾಣ್ತದೆ ಅರಸರೇ. ಹೋಗಿ ನೋಡಿದ್ರೆ ಪೂರ್ತಿ ಗೊತ್ತಾಗ್ತದೆ."

"ಹಾಗಾದ್ರೆ ನನ್ನ ಕಲ್ಲಿಗಿಂತ ಅದೇ ಎತ್ತರ." ಅವರು ಕೈಯೂರಿ ಎದ್ದರು. "ಇನ್ನು ಸಂಕ್ರಮಣದಂದು ನೀನು ಹೇಳು, ನಾನು ಉಣ್ತೇನೆ. ಫೋನಿನಲ್ಲೇ ಹೇಳು. ವಸುಮತಿ, ಅಕ್ಕಿ ಅಳೆ. ಕೊಡೆ ಕೊಡು."

ಅರಸರು ಬೈಲಿಗೆ ಇಳಿದು ಹನ್ನೆರಡು ವರ್ಷವಾಗಿತ್ತು. ಮೊಣಕಾಲು ನೋವಿಗೆ ಹೆಜ್ಜೆಗೊಮ್ಮೆ ನಿಲ್ಲುತ್ತಾ, ಒಂದು ಸೇರು ಅಕ್ಕಿಯ ಗಂಟನ್ನು ಯಾರ ಕೈಗೂ ಕೊಡದೆ, ತಾವೇ ಹಿಡಿದು ಹೋದರು. ಕುಂಞಜ್ಜನ ಮನೆಯ ಜಗಲಿಯಲ್ಲಿ ಇಬ್ಬರು ಮುದುಕರು ಮಧ್ಯಾಹ್ನದ ತನಕ ಕೂತಿದ್ದರು. ಮಾತಾಡಿದ್ದು ಯಾರಿಗೂ ಕೇಳಿಸಲಿಲ್ಲ.

*

ಮೀನ ಸಂಕ್ರಮಣದಂದು ಸುಪ್ರೀತಾ ಏಜೆನ್ಸಿಯ ಕುರ್ಚಿಯಿಂದಲೇ ಅರಮನೆಗೆ ಫೋನ್ ಮಾಡಿದಳು. ಹಿಂದಿನ ವಾರವೆಲ್ಲ ಮನೆಮನೆಗೆ ಹೋಗಿ ನೋಡಿ ಬಂದಿದ್ದಳು. "ನಲವತ್ತೊಂದೂ ಹೊತ್ತಿದೆ ಅರಸರೇ." "ಒಳ್ಳೇದು ಮಗಾ." ಅಷ್ಟೇ. ಮೇಷ ಸಂಕ್ರಮಣದ ವಿಷುವಿಗೂ ಅಷ್ಟೇ. ಕುಂಞಜ್ಜನಿಗೆ ಸಿಲಿಂಡರ್ ಹೋಗುತ್ತಿತ್ತು, ಹೋಗದಿದ್ದರೆ ಅವಳೇ ಹೋಗುತ್ತಿದ್ದಳು. ಎಲ್ಲ ಸರಿಯಾಗಿತ್ತು. ಅವಳೊಬ್ಬಳು ಸರಿ ಇರಲಿಲ್ಲ.

ಕೃಷ್ಣಕುಮಾರನ ಫೋನ್ ಬರಲಿಲ್ಲ. ಸುಳ್ಳು ಹೊಗೆ ಹಾಕು ಎಂದವನಿಗೆ ನಾಚಿಕೆಯೋ, ಒಂದು ತಿಂಗಳು ಬಚ್ಚಿಟ್ಟವಳ ಮೇಲೆ ಬೇಸರವೋ ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿನ ಹಾರ್ನ್ ಕೇಳಿದಾಗ ಎಚ್ಚರವಾಗುತ್ತಿತ್ತು, ಹೋಗುವ ಅಗತ್ಯವಿಲ್ಲ ಎಂದು ನೆನಪಾಗುತ್ತಿತ್ತು. ಬೊಟ್ಟು ಒಂದೇ ಸಲ ಇಡುತ್ತಿದ್ದಳು. ಲೋಲಾಕ್ಷಿ ಎಲ್ಲವನ್ನೂ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ವಿಷು ಕಳೆದು ಹತ್ತು ದಿನಕ್ಕೆ ಏಜೆನ್ಸಿಯ ಕೌಂಟರಿನಲ್ಲಿ ಒಂದು ಫಾರಂ ಬಂದು ಬಿತ್ತು. ಹೊಸ ಕನೆಕ್ಷನಿಗೆ ಅರ್ಜಿ. ಅವಳು ತಲೆ ಎತ್ತದೆ ಓದತೊಡಗಿದಳು. ಹೆಸರು, ಕೃಷ್ಣಕುಮಾರ. ವಿಳಾಸ, ಫ್ಯಾಕ್ಟರಿ ಹಿಂದಿನ ಕ್ವಾರ್ಟರ್ಸ್.

ಅವಳ ಕೈ ಅಲ್ಲಿಗೇ ನಿಂತಿತು. ತಲೆ ಎತ್ತಿದರೆ ಅದೇ ಬಿಳಿ ಅಂಗಿ. ಮಸಿ ಇರಲಿಲ್ಲ.

"ಅರಮನೆಯಲ್ಲಿ ಕನೆಕ್ಷನ್ ಇದೆಯಲ್ಲ" ಎಂದಳು.

"ಅದು ಅಮ್ಮನ ಹೆಸರಲ್ಲಿ. ಇದು ಬೇರೆ ಮನೆ. ಎರಡು ತಿಂಗಳಿಂದ ಕೇಳಿ ಕೇಳಿ ಮೊನ್ನೆ ಸಿಕ್ಕಿತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸ್ವಲ್ಪ ಜಾಗ. ಬರಿಗೈಯಲ್ಲಿ ನಿಮ್ಮ ಮುಂದೆ ಬಂದು ನಿಲ್ಲುವುದು ಹೇಗೆ ಅಂತ ಫೋನ್ ಮಾಡ್ಲಿಲ್ಲ."

ಅವಳು ಫಾರಮಿಗೆ ಹಿಂದಿರುಗಿದಳು. ಮನೆಯಲ್ಲಿರುವವರ ಸಂಖ್ಯೆ ಎಂಬಲ್ಲಿ ಅವನು ಎರಡು ಎಂದು ಬರೆದಿದ್ದ. ಕೆಳಗೆ ಹೆಸರುಗಳ ಪಟ್ಟಿ. ಒಂದನೆಯದು ಅವನದು. ಎರಡನೆಯ ಸಾಲು ಖಾಲಿ.

"ಇದು ಅರ್ಧ ತುಂಬಿದ ಫಾರಂ" ಎಂದಳು. "ಹೀಗೆ ತಗೊಳ್ಳುವ ಹಾಗಿಲ್ಲ."

"ಗೊತ್ತುಂಟು. ಆ ಹೆಸರು ನಾನು ಬರೆಯುವ ಹಾಗಿಲ್ಲ. ಅವರೇ ಒಪ್ಪಿ ಬರೀಬೇಕು." ಅವನು ದನಿ ತಗ್ಗಿಸಿದ. ಹಿಂದೆ ನಾಲ್ಕು ಜನ ಕ್ಯೂ ನಿಂತಿದ್ದರು. "ಸುಪ್ರೀತಾ, ನನಗೆ ಸಂಕ್ರಮಣಕ್ಕೊಮ್ಮೆ ಸಾಲುವುದಿಲ್ಲ. ದಿನಾ ಬೇಕು. ನಿನಗೂ ಹಾಗೆ ಉಂಟಾದ್ರೆ ಬರಿ. ಇಲ್ಲದಿದ್ರೆ ಫಾರಂ ಹರಿದು ಹಾಕು, ನಾನು ಬೇಜಾರು ಮಾಡುವುದಿಲ್ಲ." ಸ್ವಲ್ಪ ತಡೆದು, "ಮಾಡ್ತೇನೆ" ಎಂದ.

ಕ್ಯೂನಲ್ಲಿದ್ದ ಹೆಂಗಸೊಬ್ಬಳು, "ಬೇಗ ಮಾಡಿ ಮೇಡಂ, ಬಸ್ಸು ಉಂಟು" ಎಂದಳು.

ಸುಪ್ರೀತಾ ಪೆನ್ನು ತೆಗೆದಳು. ಬರೆಯುವಾಗ ಕಣ್ಣು ಮಂಜಾಗಿತ್ತು. ಹೊಗೆ ಎಲ್ಲೂ ಇರಲಿಲ್ಲ. ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಸೀಲು ಹಾಕಿದಳು. "ಮನೆ ನೋಡದೆ ಕನೆಕ್ಷನ್ ಕೊಡುವ ಹಾಗಿಲ್ಲ" ಎಂದಳು, ಆದಷ್ಟು ಗಂಭೀರವಾಗಿ. "ಸಂಜೆ ಇನ್‌ಸ್ಪೆಕ್ಷನಿಗೆ ಬರ್ತೇನೆ."

*

ಆ ವರ್ಷದ ತುಲಾ ಸಂಕ್ರಮಣದ ಹೊತ್ತಿಗೆ ಮದುವೆಯಾಗಿ ಒಂದೂವರೆ ತಿಂಗಳು ಕಳೆದಿತ್ತು. ಲೋಲಾಕ್ಷಿ ಮದುವೆಯ ದಿನ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದಾ ನಿನ್ನ ಇನ್‌ಸ್ಪೆಕ್ಷನ್?" ಎಂದಿದ್ದಳು.

ಎಂಟರ ಸೈರನ್ ಕೂಗಿತು. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಸುಪ್ರೀತಾ ಒಂದು ಕೈಯಲ್ಲಿ ದೋಸೆ ಮಗುಚುತ್ತಾ ಇನ್ನೊಂದರಲ್ಲಿ ಫೋನ್ ಹಿಡಿದಳು. "ನಲವತ್ತೊಂದೂ ಹೊತ್ತಿದೆ ಮಾವ. ನೀವು ಕೂತುಕೊಳ್ಳಿ."

"ಕೂರುವುದು ಹೇಗೆ?" ಎಂದಿತು ಆ ಕಡೆಯ ದನಿ. ಗಾಳಿಯ ಸದ್ದಿತ್ತು, ಅರಸರು ಹೊಗೆಕಲ್ಲಿನ ಮೇಲೆಯೇ ಇದ್ದರು. "ಈಗ ನಲವತ್ತೆರಡು ಮನೆ."

"ನಮ್ಮದೂ ಹೊತ್ತಿದೆ. ದೋಸೆ ಆಗ್ತಾ ಉಂಟು."

"ನೀನು ಹೇಳಿದ್ರೆ ನಂಬ್ತೇನೆ ಮಗಾ. ನಂಬಿಕೆಗಲ್ಲ. ಒಮ್ಮೆ ಕಾಣ್ಬೇಕು ಅಂತ ಆಸೆ. ಕುಮಾರನ ಮನೆಯ ಹೊಗೆ ನಾನು ನೋಡ್ಲಿಲ್ಲ."

ಸುಪ್ರೀತಾ ಒಲೆ ಆರಿಸಿದಳು. ಗೋಡೆಯ ಮೊಳೆಯಿಂದ ಬ್ಯಾಗು ಇಳಿಸಿ ಟೇಪು ತೆಗೆದಳು. ಬಾಯ್ಲರಿಗೆ ಹೊರಟು ನಿಂತಿದ್ದ ಗಂಡ ಏನು ಎಂದು ಕೇಳಲಿಲ್ಲ. ಟೇಪಿನ ತುದಿ ಹಿಡಿದು ಸಿಲಿಂಡರಿನ ಬಳಿ ಕುಕ್ಕರಗಾಲಲ್ಲಿ ಕೂತ. ಅವಳು ಹಿತ್ತಿಲಿಗೆ ನಡೆದು, ಹದಿನೈದು ಅಡಿಗೆ ಕಾಲಿನಿಂದ ಗೆರೆ ಎಳೆದು, ಅದರ ಆಚೆ ಒಂದು ಒಣ ಮಡಲು ಹಾಕಿದಳು. ಅವನು ಬಂದು ಕಡ್ಡಿ ಗೀರಿದ. ಮೇಲೆ ಅವಳು ಹಸಿ ಸಿಪ್ಪೆ ಇಟ್ಟಳು.

ಹೊಗೆ ಮೊದಲು ಅವರಿಬ್ಬರ ಕಣ್ಣಿಗೇ ನುಗ್ಗಿ, ಆಮೇಲೆ ದಾರಿ ಕಂಡುಕೊಂಡು ಮೇಲಕ್ಕೆ ಹೋಯಿತು. ಎದುರಿನ ಪದವಿನಂಚಿನಲ್ಲಿ ಕಪ್ಪು ಕೊಡೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಮತ್ತೆ ಮಡಚಿಕೊಂಡು, ಊಟಕ್ಕೆಂದು ಮನೆಯ ಕಡೆ ತಿರುಗಿತು.

"ಮೂಗು ಒರೆಸಿಕೊಳ್ಳಿ" ಎಂದಳು ಸುಪ್ರೀತಾ. ಅವನು ಬೇಕೆಂದೇ ಬೇರೆ ಕಡೆ ಒರೆಸಿದ. ಅವಳು ಕೈ ಎತ್ತಿ ತಾನೇ ಒರೆಸಿದಳು.